ಪೆನಿಸಿಲಿನ್ ಹಿಡಿಯುವ ಪ್ರೋಟೀನ್: ಬೆಕ್ಕು ಯಾವುದು, ಇಲಿ ಯಾವುದು?

ಗೆಳೆಯರೇ,

ಬ್ಯಾಕ್ಟೀರಿಯಾ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಪೆನಿಸಿಲಿನ್ ಬೈಂಡಿಂಗ್ ಪ್ರೋಟೀನ್' ಅನ್ನುವಲ್ಲಿ ಎರಡು ದಿನದಿಂದ ಗಾಡಿ ನಿಂತಿದೆ. ಲ್ಯಾಬಿನವರು ಪಿಬಿಪಿ ಅಂತ ಹೇಳಿ ಸುಮ್ನೆ ಮುಂದೆ ಹೋಗುತ್ತಾರೆ. ನಾನು ಮೊದಲು 'ಪೆನಿಸಿಲಿನ್ ಬಂಧಕ' ಎಂದು ಬರೆದೆ. ಓದಿ ನೋಡಿದರೆ ಪೆನಿಸಿಲಿನ್ನನ್ನು ಜೈಲಿಗೆ ಹಾಕಿದ ಹಾಗಿತ್ತು.

ಆಮೇಲೆ 'ಪೆನಿಸಿಲಿನ್ ಹಿಡಿಯುವ ಪ್ರೋಟೀನ್' ಅಂದೆ. ಅಲ್ಲೂ ತೊಡಕು. 'ಇಲಿ ಹಿಡಿಯುವ ಬೆಕ್ಕು' ಅಂದರೆ ಹಿಡಿಯುವುದು ಬೆಕ್ಕು. 'ಬೆಕ್ಕು ಹಿಡಿಯುವ ಇಲಿ' ಅಂದರೂ ಹಿಡಿಯುವುದು ಬೆಕ್ಕೇ, ಅಲ್ವಾ? ಬೆಕ್ಕು ಇಲಿಯ ಸಂಗತಿ ಎಲ್ಲರಿಗೂ ಗೊತ್ತು, ಅದಕ್ಕೆ ಗೊಂದಲವಿಲ್ಲ. ಇಲ್ಲಿ ಯಾವುದು ಬೆಕ್ಕು?

ರಚನೆ ನೋಡಿದರೆ ಬಗೆಹರಿಯಬಹುದು ಅಂದುಕೊಂಡೆ. ಈ ಪ್ರೋಟೀನಿನ ಅಸಲಿ ಕೆಲಸ ಹೊಲಿಗೆ. ಬ್ಯಾಕ್ಟೀರಿಯಾದ ಗೋಡೆಯ ಎಳೆಗಳನ್ನು ಒಂದಕ್ಕೊಂದು ಕೂಡಿಸುತ್ತದೆ. ಅದರ ಮೈಯಲ್ಲೊಂದು ಸಂದು, ಆ ಸಂದಿನಲ್ಲಿ ಸೆರಿನ್ ಎಂಬ ಅಮೈನೊ ಆಮ್ಲ. ಗೋಡೆಯ ಎಳೆಯ ತುದಿಯಲ್ಲಿ ಡಿ-ಅಲನಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಎರಡು ಸಲ ಇರುತ್ತದೆ. ಸೆರಿನ್ ಆ ತುದಿಯನ್ನು ಹಿಡಿದು, ಕೊನೆಯದನ್ನು ಕಳಚಿ, ಉಳಿದದ್ದನ್ನು ಪಕ್ಕದ ಎಳೆಗೆ ದಾಟಿಸಿ ಕೈ ಬಿಡಿಸಿಕೊಳ್ಳುತ್ತದೆ. ಪೆನಿಸಿಲಿನ್ ನೋಡಲು ಆ ತುದಿಯ ಹಾಗೇ ಇದೆ. ಅದರೊಳಗಿನ ನಾಲ್ಕು ಪರಮಾಣುಗಳ ಉಂಗುರ ಮಾತ್ರ ಅದುಮಿಟ್ಟ ಸ್ಪ್ರಿಂಗ್. ಸೆರಿನ್ ಕೈ ಹಾಕಿದ ಕೂಡಲೇ ಉಂಗುರ ಬಿಚ್ಚಿಕೊಂಡು ಅದಕ್ಕೇ ಬೆಸೆದುಕೊಳ್ಳುತ್ತದೆ. ಆಮೇಲೆ ಸುಲಭಕ್ಕೆ ಬಿಡುವುದಿಲ್ಲ. ಹೊಲಿಗೆ ನಿಲ್ಲುತ್ತದೆ, ಗೋಡೆ ಸಡಿಲವಾಗುತ್ತದೆ. ಹಿಡಿಯಲು ಹೋದದ್ದೂ ಪ್ರೋಟೀನೇ, ಸಿಕ್ಕಿಬಿದ್ದದ್ದೂ ಪ್ರೋಟೀನೇ!

'ಅಂಟುವ' ಅನ್ನಬಹುದಿತ್ತು. ಆದರೆ ಅಂಟಿದ್ದು ಕಿತ್ತರೆ ಬರುತ್ತದೆ. ವ್ಯಾಂಕೊಮೈಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್‌ಗೆ ಆ ಮಾತು ಸರಿ. ಅದು ಪ್ರೋಟೀನಿನ ತಂಟೆಗೇ ಹೋಗದೆ ಡಿ-ಅಲನಿನ್ ತುದಿಗೆ ಹೈಡ್ರೋಜನ್ ಬಂಧ ಎಂಬ ಸಡಿಲ ಹಿಡಿತಗಳಲ್ಲಿ ಅಂಟಿ ಕೂರುತ್ತದೆ. ಪೆನಿಸಿಲಿನ್‌ದು ಬೆಸುಗೆ. ಇಂಗ್ಲಿಷಿನಲ್ಲಿ ಎರಡಕ್ಕೂ 'ಬೈಂಡಿಂಗ್' ಅಂದು ಕೈತೊಳೆದುಕೊಂಡಿದ್ದಾರೆ.

ಹಾಗಾಗಿ ನನ್ನ ಓಟು 'ಪೆನಿಸಿಲಿನ್ ಬೆಸೆದುಕೊಳ್ಳುವ ಪ್ರೋಟೀನ್'ಗೆ. 'ಕೊಳ್ಳು' ಬಂದದ್ದರಿಂದ ಯಾವ ಕಡೆಯಿಂದ ಓದಿದರೂ ಅರ್ಥ ಕೆಡುವುದಿಲ್ಲ. ಒಂದೇ ಕಿರಿಕಿರಿ, ಈ ಪ್ರೋಟೀನುಗಳಲ್ಲೇ ಒಂದು ಬಗೆಯಾದ ಪಿಬಿಪಿ-2ಎ. ಎಂಆರ್‌ಎಸ್‌ಎ ಎಂಬ ಬ್ಯಾಕ್ಟೀರಿಯಾ ಮೆಥಿಸಿಲಿನ್‌ನಂಥ ಪೆನಿಸಿಲಿನ್‌ಗಳಿಗೂ ಬಗ್ಗದಿರುವುದು ಮುಖ್ಯವಾಗಿ ಇದರಿಂದ. ಇದರ ಸಂದು ಇಕ್ಕಟ್ಟು. ಒಳಗಿರುವ ಸೆರಿನ್‌ಗೆ (ಪ್ರೋಟೀನಿನ ಸರಪಳಿಯಲ್ಲಿ 403ನೇ ಸ್ಥಾನದ್ದು) ಪೆನಿಸಿಲಿನ್ ಬೆಸೆದುಕೊಳ್ಳುವುದು ತೀರಾ ನಿಧಾನ. 'ಬೆಸೆದುಕೊಳ್ಳುವ ಪ್ರೋಟೀನ್ ಬೇಗ ಬೆಸೆದುಕೊಳ್ಳುವುದಿಲ್ಲ' ಎಂದು ಬರೆಯಬೇಕಾಗುತ್ತದೆ. ಇಂಗ್ಲಿಷಿನಲ್ಲೂ ಅದೇ ಪಾಡು, ಇರಲಿ.

ಇನ್ನೊಂದು ಪದ ಬೇಕು. 'ಬೈಂಡಿಂಗ್ ಪಾಕೆಟ್'ಗೆ, ಅಂದರೆ ಮೇಲೆ ಹೇಳಿದ ಆ ಸಂದಿಗೆ, ಏನನ್ನುತ್ತೀರಿ? 'ಜೇಬು' ಬೇಡ ಅನ್ನಿಸುತ್ತದೆ, ಜೇಬಿಗೆ ಏನು ಬೇಕಾದರೂ ತುರುಕಬಹುದು. ಇದು ಆಕಾರ ಹೊಂದುವುದನ್ನು ಮಾತ್ರ ಒಳಗೆ ಬಿಡುತ್ತದೆ. 'ಪೊಟರೆ' ನನಗೆ ಇಷ್ಟ. ಆದರೆ ಪಿಬಿಪಿ-2ಎಯದು ಉದ್ದನೆಯ, ಕಿರಿದಾದ ಕೊರಕಲು. ಅದನ್ನೂ ಪೊಟರೆ ಅಂದರೆ ನಡೆಯುತ್ತದಾ, ಅಥವಾ ಎಲ್ಲಕ್ಕೂ 'ಸಂದು' ಅಂತಲೇ ಇಟ್ಟುಕೊಳ್ಳಲೇ?