ಜೇಬಿನ ಕಾಂಪ್ಯಾಕ್ಟೋ, ಆರಂಭಿಕ ಮಿರರ್‌ಲೆಸ್ಸೋ? ದೇವಸ್ಥಾನದ ಒಳಗೆ ಮತ್ತು ರಾತ್ರಿ ಯಕ್ಷಗಾನಕ್ಕೆ ಯಾವುದು?

ಶರಾವತಿತೀರ:

ಎಲ್ಲರಿಗೂ ನಮಸ್ಕಾರ. ಫೋನ್ ಬಿಟ್ಟು ಮೊದಲ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಕೆಲಸ ಎರಡೇ. ಒಂದು, ಬೇಲೂರು, ಹಳೇಬೀಡು, ಬಾದಾಮಿ ಕಡೆ ಹೋದಾಗ ಒಳಗಿನ ಕಂಬ, ಭುವನೇಶ್ವರಿ (ಛಾವಣಿಯ ಕೆತ್ತನೆ), ಶಿಲ್ಪಗಳು. ಇನ್ನೊಂದು, ರಾತ್ರಿ ಯಕ್ಷಗಾನ. ಎರಡೂ ಕಡೆ ಬೆಳಕು ಕಡಿಮೆ, ಫ್ಲ್ಯಾಶ್ ಬಳಸುವ ಮನಸ್ಸಿಲ್ಲ.

ಕೊನೆಗೆ ಉಳಿದವು ಎರಡು: ಜೇಬಿನ ಕಾಂಪ್ಯಾಕ್ಟ್ ಕ್ಯಾನನ್ ಜಿ7ಎಕ್ಸ್ ಮಾರ್ಕ್ 3, ಮತ್ತು ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಕ್ಯಾನನ್ ಆರ್50, ಜೊತೆಗೆ ಬರುವ 18-45 ಮಿ.ಮೀ. ಲೆನ್ಸಿನೊಂದಿಗೆ. ಅಂಗಡಿಯವರು "ಸೆನ್ಸರ್ ದೊಡ್ಡದು, ಕಣ್ಣು ಮುಚ್ಚಿ ಆರ್50 ತಗೊಳ್ಳಿ" ಅನ್ನುತ್ತಾರೆ. ಸೆನ್ಸರ್ (ಬೆಳಕು ಹಿಡಿಯುವ ಚಿಪ್) ದೊಡ್ಡದಿದ್ದರೆ ಮಂದ ಬೆಳಕಲ್ಲಿ ಅದೇ ಗೆಲ್ಲುತ್ತದೆಯೇ? ಜೇಬಿಗೆ ಹೋಗುವ ಕ್ಯಾಮೆರಾ ಅನ್ನುವ ಆಸೆಯೂ ಬಿಡುತ್ತಿಲ್ಲ.

ಬೆಳಕಿಂಡಿ:

ಅಂಗಡಿಯವರು ಹೇಳಿದ್ದು ಅರ್ಧ ನಿಜ. ಸೆನ್ಸರನ್ನು ಮಾತ್ರ ನೋಡಿ ಲೆನ್ಸನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಜಿ7ಎಕ್ಸ್‌ನದ್ದು "ಒಂದು ಇಂಚಿನ" ಸೆನ್ಸರ್. ಹೆಸರು ಹಾಗಿದ್ದರೂ ಅದರ ಯಾವ ಬದಿಯೂ ಒಂದು ಇಂಚು ಇಲ್ಲ; ಅಳತೆ 13.2 x 8.8 ಮಿ.ಮೀ. ಆರ್50ಯದ್ದು ಎಪಿಎಸ್-ಸಿ, 22.3 x 14.9 ಮಿ.ಮೀ. ವಿಸ್ತೀರ್ಣದಲ್ಲಿ ಸುಮಾರು 2.9 ಪಟ್ಟು ದೊಡ್ಡದು. ಇಲ್ಲಿಯವರೆಗೆ ಅಂಗಡಿಯವರ ಮಾತು ಸರಿ.

ಈಗ ಲೆನ್ಸ್ ನೋಡಿ. ಜಿ7ಎಕ್ಸ್‌ನ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್ 1.8ರಿಂದ 2.8. ಆರ್50 ಜೊತೆ ಬರುವ 18-45 ಲೆನ್ಸಿನದ್ದು ಎಫ್ 4.5ರಿಂದ 6.3. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ಎಫ್ ಸಂಖ್ಯೆಯನ್ನು ಕ್ರಾಪ್ ಫ್ಯಾಕ್ಟರ್‌ನಿಂದ (ದೊಡ್ಡ ಫುಲ್‌ಫ್ರೇಮ್ ಸೆನ್ಸರಿನ ಕರ್ಣ ಇದರ ಕರ್ಣದ ಎಷ್ಟು ಪಟ್ಟು ಅನ್ನುವ ಸಂಖ್ಯೆ) ಗುಣಿಸಬೇಕು. ಜಿ7ಎಕ್ಸ್‌ಗೆ ಅದು 2.7, ಆರ್50ಗೆ 1.6. ಜಿ7ಎಕ್ಸ್ ಸುಮಾರು 4.9ರಿಂದ 7.6 ಆಗುತ್ತದೆ. ಆರ್50 ಮತ್ತು 18-45 ಸೇರಿ 7.2ರಿಂದ 10. ಸಂಖ್ಯೆ ಚಿಕ್ಕದಾದಷ್ಟೂ ಚಿತ್ರಕ್ಕೆ ಸಿಗುವ ಒಟ್ಟು ಬೆಳಕು ಜಾಸ್ತಿ. ಹಾಗಾಗಿ ಕಿಟ್ ಲೆನ್ಸ್ (ಜೊತೆಗೆ ಬರುವ 18-45) ಹಾಕಿದ ಆರ್50ಗಿಂತ ಜೇಬಿನ ಕ್ಯಾಮೆರಾಕ್ಕೇ ಹೆಚ್ಚು ಬೆಳಕು ಸಿಗುತ್ತದೆ: ಜೂಮಿನ ಅಗಲದ ತುದಿಯಲ್ಲಿ ಸುಮಾರು ಎರಡು ಪಟ್ಟು, ಉದ್ದದ ತುದಿಯಲ್ಲಿ ಒಂದೂಮುಕ್ಕಾಲು ಪಟ್ಟು.

ಆದರೆ ಅದೇ ಆರ್50ಗೆ ಜೂಮ್ ಇಲ್ಲದ ಆರ್‌ಎಫ್ 50 ಮಿ.ಮೀ. ಎಫ್ 1.8 ಲೆನ್ಸ್ ಹಾಕಿ. 1.8ನ್ನು 1.6ರಿಂದ ಗುಣಿಸಿದರೆ 2.9. ಇದರ ಹತ್ತಿರಕ್ಕೆ ಜಿ7ಎಕ್ಸ್ ಬರುವುದಿಲ್ಲ. ನನ್ನ ಅಭಿಪ್ರಾಯ ಖಚಿತ: ಎರಡನೇ ಲೆನ್ಸ್ ಕೊಳ್ಳುವ ಉದ್ದೇಶವಿದ್ದರೆ ಮಾತ್ರ ಮಿರರ್‌ಲೆಸ್. ಕಿಟ್ ಲೆನ್ಸಿನಲ್ಲೇ ನಿಲ್ಲುವುದಾದರೆ, ನಿಮ್ಮ ಕೆಲಸಕ್ಕೆ ಕಾಂಪ್ಯಾಕ್ಟೇ ಮೇಲು.

ಒಂದು ಎಚ್ಚರಿಕೆ. ಎಲ್ಲ ಕಾಂಪ್ಯಾಕ್ಟ್‌ಗೂ ಈ ಲೆಕ್ಕ ಹೊಂದುವುದಿಲ್ಲ. ಸೋನಿ ಆರ್‌ಎಕ್ಸ್100 ಮಾರ್ಕ್ 7ರಲ್ಲಿ ಫುಲ್‌ಫ್ರೇಮ್ ಲೆಕ್ಕದಲ್ಲಿ 24ರಿಂದ 200 ಮಿ.ಮೀ.ವರೆಗೆ ಜೂಮ್ ಇದೆ, ಅದಕ್ಕಾಗಿ ಅಪರ್ಚರ್ ಎಫ್ 2.8-4.5ಕ್ಕೆ ಇಳಿದಿದೆ. ಮಂದ ಬೆಳಕಲ್ಲಿ ಅದಕ್ಕೆ ಈ ಲಾಭವಿಲ್ಲ.

ನವರಂಗ:

ದೇವಸ್ಥಾನದ ಭಾಗಕ್ಕೆ ಉತ್ತರಿಸುತ್ತೇನೆ. ಕಂಬ, ಶಿಲ್ಪ ಅಲುಗಾಡುವುದಿಲ್ಲ. ಅಲ್ಲಿ ಶಟರನ್ನು ನಿಧಾನ ಮಾಡಬಹುದು (ಹೆಚ್ಚು ಹೊತ್ತು ತೆರೆದಿಡಬಹುದು), ಆಗ ಲೆನ್ಸಿನಲ್ಲಿರುವ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಕೈಹಿಡಿಯುತ್ತದೆ. ಜಿ7ಎಕ್ಸ್‌ನಲ್ಲಿ ಅದಿದೆ, 18-45ರಲ್ಲೂ ಇದೆ. ಆರ್‌ಎಫ್ 50ರಲ್ಲಿ ಇಲ್ಲ, ಆರ್50 ಬಾಡಿಯಲ್ಲೂ ಇಲ್ಲ. ಹಾಗಾಗಿ ಕೈಯಲ್ಲೇ ಹಿಡಿದು 50 ಎಫ್ 1.8ರಲ್ಲಿ 1/80 ಸೆಕೆಂಡಿಗಿಂತ ಕೆಳಗಿಳಿದರೆ ಚಿತ್ರ ಅಲುಗುವ ಸಾಧ್ಯತೆ ಹೆಚ್ಚು.

ಜಿ7ಎಕ್ಸ್‌ನಲ್ಲಿ ಅಗಲದ ತುದಿ, ಎಫ್ 1.8, 1/8 ಸೆಕೆಂಡ್, ಐಎಸ್ಒ (ಸೆನ್ಸರಿನ ಸಂವೇದನೆ; ಏರಿದಷ್ಟೂ ನಾಯ್ಸ್, ಅಂದರೆ ಚಿತ್ರದ ಚುಕ್ಕೆಗಳು ಹೆಚ್ಚು) 400 ಬಂತೆನ್ನಿ. ಅದೇ ಜಾಗದಲ್ಲಿ 18-45 ಎಫ್ 4.5ರಲ್ಲಿ, ಅದೇ 1/8 ಸೆಕೆಂಡಿಗೆ ಐಎಸ್ಒ 2500 ಬೇಕಾಗುತ್ತದೆ. ಇನ್ನೊಂದು ಅನುಕೂಲ ಫೋಕಸ್ ಆಳದ್ದು. ಸಣ್ಣ ಸೆನ್ಸರಿನಲ್ಲಿ ಎಫ್ 1.8 ಇಟ್ಟೂ 4 ಮೀಟರಿಗೆ ಫೋಕಸ್ ಮಾಡಿದರೆ, 2 ಮೀಟರಿನಿಂದ ಆಚೆಗೆ ಎಲ್ಲವೂ ಸ್ಪಷ್ಟ. ಮುಂದಿನ ಕಂಬ, ಹಿಂದಿನ ಬಾಗಿಲುವಾಡ ಎರಡೂ ಸಿಗುತ್ತವೆ.

ಇಕ್ಕಟ್ಟಾದ ಒಳಾಂಗಣದಲ್ಲಿ ಅಗಲವೂ ಮುಖ್ಯ. ಫುಲ್‌ಫ್ರೇಮ್ ಲೆಕ್ಕದಲ್ಲಿ ಜಿ7ಎಕ್ಸ್ 24 ಮಿ.ಮೀ.ನಿಂದ ಶುರು, 18-45 ಅದೇ ಲೆಕ್ಕದಲ್ಲಿ 29ರಿಂದ. 3 ಮೀಟರ್ ದೂರದಲ್ಲಿ ಮೊದಲನೆಯದು 4.5 ಮೀಟರ್ ಅಗಲ ಹಿಡಿಯುತ್ತದೆ, ಎರಡನೆಯದು 3.7 ಮೀಟರ್. ಬೇಲೂರಿನ ನವರಂಗ ಮಂಟಪದಲ್ಲಿ ಕಂಬದ ತುದಿಯ ಮದನಿಕೆಯನ್ನು ಕೆಳಗಿನಿಂದ ತೆಗೆಯಲು ಉದ್ದದ ತುದಿ ಬೇಕು; ಅಲ್ಲೂ 100ರವರೆಗೆ ಹೋಗುವ ಜಿ7ಎಕ್ಸ್, 72ಕ್ಕೆ ನಿಲ್ಲುವ 18-45ಕ್ಕಿಂತ ಮುಂದೆ.

ಭುವನೇಶ್ವರಿಗೆ ಟ್ರೈಪಾಡ್ ಬೇಡ, ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಅನುಮತಿ ತೆಗೆದುಕೊಳ್ಳಬೇಕು. ನೆಲದ ಮೇಲೆ ಮಡಿಚಿದ ಕರವಸ್ತ್ರ ಹಾಸಿ, ಕ್ಯಾಮೆರಾವನ್ನು ಅಂಗಾತ ಇಡಿ, ಲೆನ್ಸ್ ಮೇಲಕ್ಕಿರಲಿ. ಐಎಸ್ಒ 125, 2 ಸೆಕೆಂಡ್ ಟೈಮರ್. ಶಟರ್ ಅರ್ಧದಿಂದ ಒಂದು ಸೆಕೆಂಡ್ ಬಂದರೂ ಚಿಂತೆಯಿಲ್ಲ. ಚಿತ್ರ ಮಧ್ಯಕ್ಕೆ ಬಂದಿದೆಯೇ ಎಂದು ಕ್ಯಾನನ್‌ನ ಕ್ಯಾಮೆರಾ ಕನೆಕ್ಟ್ ಆ್ಯಪ್‌ನಲ್ಲಿ ಫೋನಿನಿಂದಲೇ ನೋಡಿ. ಆರ್50ಯಲ್ಲಿ ವ್ಯೂಫೈಂಡರ್ ಹಿಂದಕ್ಕೆ ಉಬ್ಬಿರುವುದರಿಂದ ಅದು ಅಂಗಾತ ನೆಟ್ಟಗೆ ಕೂರುವುದಿಲ್ಲ, ಕೆಳಗೆ ದಪ್ಪ ಬಟ್ಟೆ ಕೊಟ್ಟು ಸಮ ಮಾಡಬೇಕು. ಆದರೆ ಅದೇ ವ್ಯೂಫೈಂಡರ್ ಬಾದಾಮಿಯ ಬಿಸಿಲಲ್ಲಿ ವರ. ಜಿ7ಎಕ್ಸ್‌ನಲ್ಲಿ ಅದಿಲ್ಲ, ಮಧ್ಯಾಹ್ನ ಅದರ ಪರದೆ ಸರಿಯಾಗಿ ಕಾಣುವುದಿಲ್ಲ.

ಒಟ್ಟಿನಲ್ಲಿ ದೇವಸ್ಥಾನವೊಂದೇ ಆಗಿದ್ದರೆ ಜಿ7ಎಕ್ಸ್ ಅನ್ನುತ್ತಿದ್ದೆ.

ಚೌಕಿಮನೆ:

ಯಕ್ಷಗಾನ ಬಂದ ಕೂಡಲೇ ತೀರ್ಪು ಬದಲಾಗುತ್ತದೆ. ಇಲ್ಲಿ ಸ್ಟೆಬಿಲೈಸೇಶನ್ ನಿಷ್ಪ್ರಯೋಜಕ. ಕೈ ಅಲುಗದಿದ್ದರೂ ವೇಷ ಕುಣಿಯುತ್ತಿರುತ್ತದಲ್ಲ. ಸಾಮಾನ್ಯ ನಡೆಗೆ 1/250 ಸೆಕೆಂಡ್ ಬೇಕು, ತೆಂಕುತಿಟ್ಟಿನ ಧಿಗಿಣಕ್ಕೆ (ಗಿರಕಿ ಹೊಡೆಯುವ ಜಿಗಿತ) 1/500. ಬಡಗುತಿಟ್ಟಿನ ಮಂಡಿ ಕುಣಿತಕ್ಕೂ ಅಷ್ಟೇ.

50 ಎಫ್ 1.8ರಲ್ಲಿ 1/250ಕ್ಕೆ ಐಎಸ್ಒ 1600 ಸಾಕಾಗುವ ರಂಗಸ್ಥಳ ಅಂದುಕೊಳ್ಳಿ. 18-45 ಎಫ್ 6.3ಕ್ಕೆ ಅದೇ ಬೆಳಕಲ್ಲಿ ಸುಮಾರು 20,000 ಬೇಕು. ಜಿ7ಎಕ್ಸ್ ಎಫ್ 2.8ಕ್ಕೆ ಸುಮಾರು 3900, ಆದರೆ ಸೆನ್ಸರ್ ಸಣ್ಣದಾದ್ದರಿಂದ ಅದರ ನಾಯ್ಸ್ ಆರ್50ಯ 11,000ದ ಹಾಗೆ ಕಾಣುತ್ತದೆ. ಬೆಳಕಿಂಡಿಯವರ ಲೆಕ್ಕವೇ ಇದು, ರಂಗಸ್ಥಳಕ್ಕೆ ಇಳಿಸಿದ್ದೇನೆ ಅಷ್ಟೇ. ಮುಖವರ್ಣಿಕೆಯ ಸಣ್ಣ ಗೆರೆಗಳು 11,000ದಲ್ಲಿ ಕಲಸಿಹೋಗುತ್ತವೆ.

ಎಲ್ಲಿ ಕೂರಬೇಕು ಅನ್ನುವುದೂ ಈ ಲೆನ್ಸಿಗೆ ಮುಖ್ಯ. ವೇಷಧಾರಿಯಿಂದ 6 ಮೀಟರ್ ದೂರದಲ್ಲಿ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಸುಮಾರು 2.7 ಮೀಟರ್ ಎತ್ತರ, 1.8 ಮೀಟರ್ ಅಗಲ ಸಿಗುತ್ತದೆ. ಕಿರೀಟದಿಂದ ಗೆಜ್ಜೆಯವರೆಗೆ ಒಂದು ವೇಷ ಪೂರ್ತಿ ಬರುತ್ತದೆ. ಫೋಕಸ್ ಆಳ ಸುಮಾರು 1 ಮೀಟರ್, ಮುಂದೆ ಚಾಚಿದ ಕೈಯೂ ಮುಖವೂ ಒಟ್ಟಿಗೆ ಸ್ಪಷ್ಟವಾಗಿರುತ್ತವೆ. ಇದಕ್ಕಿಂತ ಹತ್ತಿರ ಕೂತರೆ ಕಿರೀಟ ಕತ್ತರಿಸುತ್ತದೆ. ಭಾಗವತರು, ಹಿಮ್ಮೇಳ ಸೇರಿದ ಇಡೀ ರಂಗಸ್ಥಳ ಬೇಕೆಂದರೆ 18-45 ಹಾಕಿ, ಕುಣಿತ ಮುಗಿದು ವೇಷ ನಿಲ್ಲುವ ಕ್ಷಣಕ್ಕೆ ಕಾದು 1/60ರಲ್ಲಿ ತೆಗೆಯಿರಿ.

ತಪ್ಪಾಗುವುದು ಹೆಚ್ಚಾಗಿ ಮೂರು ಕಡೆ. ಸೈಲೆಂಟ್ ಶಟರ್ ಹಾಕಿದರೆ ಎಲ್‌ಇಡಿ ಬೆಳಕಲ್ಲಿ ಚಿತ್ರದ ಅಡ್ಡಕ್ಕೆ ಪಟ್ಟಿಗಳು ಬೀಳುತ್ತವೆ, ಯಾಕೆಂದರೆ ಸೆನ್ಸರನ್ನು ಸಾಲು ಸಾಲಾಗಿ ಓದುವಷ್ಟರಲ್ಲಿ ದೀಪ ಹಲವು ಸಲ ಆರಿ ಹೊತ್ತುತ್ತದೆ. ಅದನ್ನು ಆಫ್ ಮಾಡಿ. ಆಮೇಲೂ ಪಟ್ಟಿ ಕಂಡರೆ 1/100ಕ್ಕೆ ಇಳಿಸಿ, ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಎರಡನೆಯದು ಫೋಕಸ್: ಬಣ್ಣದ ವೇಷದ ಮುಖವನ್ನು ಕ್ಯಾಮೆರಾ ಮುಖವೆಂದೇ ಗುರುತಿಸದೆ ಹೋಗಬಹುದು. ಒಂದೇ ಬಿಂದುವಿನ ಫೋಕಸ್ ಇಟ್ಟು ಎದೆಕಟ್ಟಿನ ಮೇಲೆ ಹಿಡಿಯಿರಿ. ಜಿ7ಎಕ್ಸ್‌ನ ಫೋಕಸ್ ಕಾಂಟ್ರಾಸ್ಟ್ ಪದ್ಧತಿಯದ್ದು, ಮಂದ ಬೆಳಕಲ್ಲಿ ಹಿಂದೆ ಮುಂದೆ ತಡಕಾಡುತ್ತದೆ. ಆರ್50ಯ ಡ್ಯುಯಲ್ ಪಿಕ್ಸೆಲ್ ಫೋಕಸ್ ಹಾಗೆ ತಡಕಾಡುವುದು ಕಡಿಮೆ. ಮೂರನೆಯದು ಬಣ್ಣ: ಕೆಂಪು, ನೀಲಿ ದೀಪಗಳಿದ್ದಾಗ ರಾ (ಕ್ಯಾಮೆರಾ ಸಂಸ್ಕರಿಸದ) ಫೈಲಿನಲ್ಲೇ ತೆಗೆಯಿರಿ, ಜೆಪೆಗ್‌ನಲ್ಲಿ ಕೆಂಪು ಒಮ್ಮೆ ಉಕ್ಕಿ ಹೋದರೆ ಸೀರೆಯ ಚೌಕುಳಿ ಮರಳಿ ಸಿಗದು.

ಫ್ಲ್ಯಾಶ್ ಬೇಡವೆಂದು ನೀವೇ ತೀರ್ಮಾನಿಸಿದ್ದು ಬಹಳ ಒಳ್ಳೆಯದಾಯಿತು. ಧಿಗಿಣ ಹಾಕುತ್ತಿರುವವರ ಕಣ್ಣಿಗೆ ಅದು ಹೊಡೆದರೆ ಅಪಾಯ.

ಶರಾವತಿತೀರ:

ತುಂಬಾ ಧನ್ಯವಾದ, ಈಗ ಸ್ಪಷ್ಟವಾಯಿತು. ಎರಡು ಲೆನ್ಸ್ ಬದಲಿಸುವ ಬದಲು ಸಿಗ್ಮಾ 18-50 ಎಫ್ 2.8 ಒಂದೇ ಇಟ್ಟುಕೊಂಡರೆ? ಮತ್ತೆ, ಇರುವುದು ಮಲೆನಾಡಿನಲ್ಲಿ. ಮಳೆಗಾಲದ ತೇವಕ್ಕೆ ಏನು ಮಾಡುವುದು? ಹಳೆಯ ಜಿ7ಎಕ್ಸ್ ಸಿಕ್ಕರೆ ಏನು ನೋಡಬೇಕು?

ಬೆಳಕಿಂಡಿ:

ಸಿಗ್ಮಾ ಒಳ್ಳೆಯ ಮಧ್ಯದ ದಾರಿ. ಕ್ಯಾನನ್ ಆರ್‌ಎಫ್ ಮೌಂಟಿಗೆ ಅದು 2024ರಲ್ಲಿ ಬಂತು. ಉದ್ದದ ತುದಿಯಲ್ಲಿ ಕಿಟ್ ಲೆನ್ಸಿನ ಐದು ಪಟ್ಟು ಬೆಳಕು ಕೊಡುತ್ತದೆ. ಚೌಕಿಮನೆಯವರ 1600 ಇಲ್ಲಿ ಸುಮಾರು 4000 ಆಗುತ್ತದೆ, ಅದು ನಡೆಯುತ್ತದೆ. ಆದರೆ ಅದರಲ್ಲಿ ಸ್ಟೆಬಿಲೈಸೇಶನ್ ಇಲ್ಲ, ನವರಂಗದವರ 1/8 ಸೆಕೆಂಡ್ ಮರೆತುಬಿಡಬೇಕು. ತೂಕ 300 ಗ್ರಾಂ, ಬಾಡಿ 375, ಸೇರಿ 675. ಜಿ7ಎಕ್ಸ್ 304 ಗ್ರಾಂ ಮಾತ್ರ. ನಿಮ್ಮ ಎರಡೂ ಕೆಲಸಕ್ಕೆ 18-45 ಮತ್ತು 50 ಎಫ್ 1.8 ಜೋಡಿಯೇ ನನ್ನ ಆಯ್ಕೆ. ಜೇಬಿನ ಆಸೆ ಬಿಡಬೇಕಾಗುತ್ತದೆ.

ತೇವಕ್ಕೆ: ಗಾಳಿಯಾಡದ 10 ಲೀಟರಿನ ಪ್ಲಾಸ್ಟಿಕ್ ಡಬ್ಬ, 200 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಳಗೊಂದು ಚಿಕ್ಕ ತೇವಮಾಪಕ. ಮುಳ್ಳು 40ರಿಂದ 50 ಶೇಕಡಾ ನಡುವೆ ಇರಲಿ. 60 ದಾಟಿ ವಾರಗಟ್ಟಲೆ ನಿಂತರೆ ಲೆನ್ಸಿನ ಗಾಜಿನ ಮೇಲೆ ಬೂಷ್ಟು ಹತ್ತುತ್ತದೆ. ಜೆಲ್ ಬಣ್ಣ ಬದಲಿಸಿದಾಗ ಓವನ್‌ನಲ್ಲಿ 110-120 ಡಿಗ್ರಿಗೆ ಒಂದೆರಡು ಗಂಟೆ ಒಣಗಿಸಿ, ತಣಿದ ಮೇಲೆ ಡಬ್ಬಕ್ಕೆ ಹಾಕಿ. ಚರ್ಮದ ಕೇಸಿನೊಳಗೆ ಕ್ಯಾಮೆರಾ ಇಡಬೇಡಿ, ಚರ್ಮ ತೇವ ಹೀರುತ್ತದೆ.

ಹಳೆಯ ಕಾಂಪ್ಯಾಕ್ಟ್ ನೋಡುವಾಗ ಜೂಮನ್ನು ಹತ್ತು ಸಲ ಹಿಂದೆ ಮುಂದೆ ಓಡಿಸಿ, ಕರಕರ ಸದ್ದು ಬಂದರೆ ಬೇಡ. ಆಮೇಲೆ ಜೂಮನ್ನು ಉದ್ದದ ತುದಿಗೆ ಒಯ್ದು, ಎಫ್ 11 ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಕಪ್ಪು ಚುಕ್ಕೆ ಕಂಡರೆ ಒಳಗೆ ಧೂಳು ಹೊಕ್ಕಿದೆ. ಲೆನ್ಸ್ ಚಾಚಿ ಮಡಿಚುವಾಗಲೆಲ್ಲ ಗಾಳಿಯನ್ನು ಒಳಗೆಳೆಯುತ್ತದೆ, ಧೂಳು ಹೋಗುವುದು ಹೀಗೆ. ಮಿರರ್‌ಲೆಸ್‌ನಲ್ಲಾದರೆ ಲೆನ್ಸ್ ತೆಗೆದು, ಮೌಂಟ್ ಕೆಳಮುಖ ಮಾಡಿ, ರಬ್ಬರ್ ಬ್ಲೋವರ್‌ನಿಂದ ನಾಲ್ಕು ಸಲ ಊದಿದರೆ ಬಹುತೇಕ ಹೋಗುತ್ತದೆ. ಬಾಯಿಂದ ಮಾತ್ರ ಊದಬೇಡಿ, ಎಂಜಲಿನ ಹನಿ ಸೆನ್ಸರ್ ಮೇಲೆ ಒಣಗಿ ಕೂರುತ್ತದೆ. ಕಾಂಪ್ಯಾಕ್ಟ್‌ನಲ್ಲಿ ಅದೇ ಧೂಳಿಗೆ ಸರ್ವಿಸ್ ಸೆಂಟರಿನಲ್ಲಿ ಇಡೀ ಲೆನ್ಸ್ ಭಾಗ ಬಿಚ್ಚಬೇಕು, ಹಾಗಾಗಿ ಚುಕ್ಕೆ ಇರುವ ಹಳೆಯದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ.