ಅಪ್‌ಡೇಟ್: ಮೂರು ದಿನ ನಿಲ್ಲಿಸಿದರೆ ಕಾರಿನ ಬ್ಯಾಟರಿ ಖಾಲಿಯಾಗುತ್ತಿದ್ದ ಸಮಸ್ಯೆ ಬಗೆಹರಿಯಿತು

ಕಾರನ್ನು ಮೂರು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುವುದಿಲ್ಲವೆಂದು ಹಿಂದೊಮ್ಮೆ ಇಲ್ಲಿ ಕೇಳಿದ್ದೆ. ಬ್ಯಾಟರಿ ಬದಲಿಸಿ ಎಂಬ ಸಲಹೆಯನ್ನೇ ಮೊದಲು ಪಾಲಿಸಿದೆ. ಹೊಸದೂ ನಾಲ್ಕನೆಯ ದಿನ ಮಲಗಿತು. ರಿಮೋಟ್ ಕೀಲಿ ಹತ್ತಿರವಿದ್ದರೆ ಕಾರು ಎಚ್ಚರವಾಗಿರಬಹುದೆಂದು ಅದನ್ನು ದೂರವಿಟ್ಟರೂ ವ್ಯತ್ಯಾಸವಾಗಲಿಲ್ಲ.

ಕೊನೆಗೆ ಕೈಹಿಡಿದದ್ದು, ಕಾರು ನಿಂತಿರುವಾಗ ಸೋರುವ ವಿದ್ಯುತ್ತನ್ನು ಅಳೆಯಿರಿ ಎಂದವರ ಮಾತು. ಬಾನೆಟ್ ತೆರೆದಿದ್ದರೂ ಅದರ ಲಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿಗೆ ವಿದ್ಯುತ್ ಅಳೆಯುವ ಮಲ್ಟಿಮೀಟರನ್ನು ಸರಣಿಯಲ್ಲಿ (ವಿದ್ಯುತ್ತು ಅದರ ಮೂಲಕವೇ ಹರಿಯುವಂತೆ) ಜೋಡಿಸಿ, ಕಾರನ್ನು ಲಾಕ್ ಮಾಡಿ, ಅದರೊಳಗಿನ ಚಿಕ್ಕ ಕಂಪ್ಯೂಟರುಗಳು ನಿದ್ರೆಗೆ ಜಾರಲೆಂದು ನಲವತ್ತು ನಿಮಿಷ ಕಾದೆ. ಸಾಮಾನ್ಯವಾಗಿ 50 ಮಿಲಿಆಂಪಿಯರಿಗಿಂತ ಕೆಳಗಿಳಿಯಬೇಕಾದ ಅಂಕಿ 380ರಲ್ಲೇ ನಿಂತಿತ್ತು, ಅಂದರೆ ದಿನಕ್ಕೆ ಸುಮಾರು 9 ಆಂಪಿಯರ್-ಅವರ್ ನಷ್ಟ. ಯಾವ ಭಾಗ ವಿದ್ಯುತ್ತನ್ನು ಎಳೆಯುತ್ತಿದೆಯೆಂದು ತಿಳಿಯಲು ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುವ ಸಲಹೆ ನನಗೆ ಉಪಯೋಗವಾಗಲಿಲ್ಲ, ಏಕೆಂದರೆ ಕಿತ್ತು ಹಾಕಿದಾಗಲೆಲ್ಲ ಕಂಪ್ಯೂಟರುಗಳು ಮತ್ತೆ ಎಚ್ಚರಗೊಳ್ಳುತ್ತಿದ್ದವು.

ನಿಜವಾದ ಕಾರಣ, ಸ್ಟಿಯರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಕಾರಿನ ದೋಷ ಪರೀಕ್ಷಿಸುವ ಉಪಕರಣ ಸಿಕ್ಕಿಸುವ ಜಾಗ) ನಾನೇ ಸಿಕ್ಕಿಸಿಟ್ಟಿದ್ದ ಬ್ಲೂಟೂತ್ ಅಡಾಪ್ಟರ್. ನನಗೆ ಆಶ್ಚರ್ಯವಾದ ಸಂಗತಿಯೆಂದರೆ, ಅದು ತಾನು ಬಳಸುವ ವಿದ್ಯುತ್ತು ಅತ್ಯಲ್ಪ. ಆದರೆ ಬಿಡದೆ ಸಂದೇಶ ಕಳುಹಿಸುತ್ತ ಕಾರಿನ ಇತರ ಕಂಪ್ಯೂಟರುಗಳನ್ನು ನಿದ್ರಿಸಲು ಬಿಡುತ್ತಿರಲಿಲ್ಲ. ಅದನ್ನು ಕಿತ್ತ ಬಳಿಕ ಅಂಕಿ 25ಕ್ಕೆ ಇಳಿಯಿತು. ಆರು ದಿನ ನಿಲ್ಲಿಸಿ ಇಂದು ಬೆಳಿಗ್ಗೆ ನೋಡಿದರೆ ಬ್ಯಾಟರಿ 12.5 ವೋಲ್ಟ್ ತೋರಿಸಿತು, ಕಾರೂ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಳತೆಯ ಕ್ರಮವನ್ನು ತಾಳ್ಮೆಯಿಂದ ವಿವರಿಸಿದವರಿಗೆ ಹೃತ್ಪೂರ್ವಕ ಧನ್ಯವಾದಗಳು.