ಅಪ್‌ಡೇಟ್: ಮಗಳಿಗೆ ಕ್ಯಾಲ್ಕುಲಸ್ 1 ಸಿಕ್ಕಿತು

ಅಮೆರಿಕದಲ್ಲಿ ಇಂಜಿನಿಯರಿಂಗ್ ಸೇರುತ್ತಿರುವ ಮಗಳಿಗೆ ಅಲೆಕ್ಸ್ (ALEKS) ಪ್ಲೇಸ್‌ಮೆಂಟ್ ಟೆಸ್ಟ್‌ನಲ್ಲಿ, ಅಂದರೆ ಯಾವ ಗಣಿತ ಕೋರ್ಸ್‌ನಿಂದ ಶುರು ಮಾಡಬೇಕು ಅಂತ ನೋಡುವ ಆನ್‌ಲೈನ್ ಪರೀಕ್ಷೆಯಲ್ಲಿ, 100ಕ್ಕೆ 64 ಬಂದಿತ್ತು. ಅವಳ ಕಾಲೇಜಿನಲ್ಲಿ ಮೊದಲ ಕ್ಯಾಲ್ಕುಲಸ್ ಕೋರ್ಸ್ ಆದ ಕ್ಯಾಲ್ಕುಲಸ್ 1ಕ್ಕೆ 75 ಬೇಕು, ಏನು ಮಾಡುವುದು ಅಂತ ಕೇಳಿದ್ದೆ. ಈಗ ಮತ್ತೆ ಬರೆದಳು, 83 ಬಂತು!

ಕೆಲಸ ಮಾಡಿದ್ದು ಟೆಸ್ಟ್ ಜೊತೆಗೇ ಬರುವ ಕಲಿಕಾ ಮಾಡ್ಯೂಲ್. ಅದನ್ನು ಬಿಡಬೇಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಎಲ್ಲಿ ಎಡವಿದ್ದಾಳೋ ಅದನ್ನೇ ಹಿಡಿದು ಅಭ್ಯಾಸ ಕೊಡುತ್ತದೆ. ಅವಳಿಗೆ ಲಾಗರಿದಮ್ ಮತ್ತು ತ್ರಿಕೋನಮಿತಿಯಲ್ಲೇ ಜಾಸ್ತಿ ತೊಂದರೆ ಇತ್ತು.

ಸಿಇಟಿ ಹಳೇ ಪ್ರಶ್ನೆಪತ್ರಿಕೆ ಮಾಡಿಸಿ ಅಂದಿದ್ದರು. ಅದು ಉಪಯೋಗಕ್ಕೆ ಬರಲಿಲ್ಲ. ಅಲೆಕ್ಸ್‌ನಲ್ಲಿ ಹೆಚ್ಚಿನ ಪ್ರಶ್ನೆಗಳಿಗೆ ನಾಲ್ಕು ಆಯ್ಕೆ ಇರುವುದಿಲ್ಲ, ಉತ್ತರವನ್ನು ನಾವೇ ಟೈಪ್ ಮಾಡಬೇಕು. ಪಿಯುಸಿ ಅಂಕಪಟ್ಟಿ ತೋರಿಸಿ ವಿನಾಯಿತಿ ಕೇಳಿದೆವು, ಕಾಲೇಜಿನವರು ಒಪ್ಪಲಿಲ್ಲ.

ಆಶ್ಚರ್ಯ ಆಗಿದ್ದು ಏನು ಗೊತ್ತಾ? ಈ ಟೆಸ್ಟ್‌ನಲ್ಲಿ ಕ್ಯಾಲ್ಕುಲಸ್ ಕೇಳುವುದೇ ಇಲ್ಲ. ಇಂಟಿಗ್ರೇಶನ್ ಎಷ್ಟು ಚೆನ್ನಾಗಿ ಬಂದರೂ ಇಲ್ಲಿ ಲೆಕ್ಕಕ್ಕಿಲ್ಲ. ಭಿನ್ನರಾಶಿಯಿಂದ ಪ್ರಿಕ್ಯಾಲ್ಕುಲಸ್‌ವರೆಗೆ, ಅಂದರೆ ಕ್ಯಾಲ್ಕುಲಸ್‌ಗೆ ಮುಂಚಿನ ಗಣಿತದವರೆಗೆ ಮಾತ್ರ, ಹೆಚ್ಚೆಂದರೆ 30 ಪ್ರಶ್ನೆ. ಕೊಟ್ಟ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಬದಲಾಗುತ್ತದೆ. ಕ್ಯಾಲ್ಕುಲೇಟರ್ ಕೂಡ ಕೆಲವು ಪ್ರಶ್ನೆಗಳಿಗೆ ಮಾತ್ರ, ಪರದೆ ಮೇಲೆಯೇ ಬರುತ್ತದೆ.

ಪ್ರಿಕ್ಯಾಲ್ಕುಲಸ್‌ನಿಂದ ಶುರು ಮಾಡಿದ್ದರೆ ಅವಳ ಕಾಲೇಜಿನಲ್ಲಿ ಫಿಸಿಕ್ಸ್ ಕೂಡ ಒಂದು ಸೆಮಿಸ್ಟರ್ ಹಿಂದೆ ಹೋಗುತ್ತಿತ್ತು. ಶುಲ್ಕವೂ ಜಾಸ್ತಿ, ಅಲ್ವಾ? ಮತ್ತೆ ಬರೆಯಲು ಎಷ್ಟು ಸಲ ಬಿಡುತ್ತಾರೆ, ನಡುವೆ ಎಷ್ಟು ಅಭ್ಯಾಸ ಕಡ್ಡಾಯ ಅನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಮೊದಲೇ ಕೇಳಿಕೊಳ್ಳಿ.